ಹಳೆಯ ಅಂಬಾಸಡರ್‌ಗೆ ದೊಡ್ಡ ಎಂಜಿನ್, ಹೊಸ ಹೆಡರ್: ನಂಬಿಕೆಗಳೇನು, ವಿಜ್ಞಾನ ಹೇಳುವುದೇನು?

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಆಟೋ ಕಾಂಪ್ಲೆಕ್ಸ್‌ನಲ್ಲಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆಯ ಅಕ್ಕಪಕ್ಕದ ಗ್ಯಾರೇಜುಗಳಲ್ಲಾಗಲಿ ಹಳೆಯ ಕಾರಿನ ಮಾತು ಬಂದರೆ ಎರಡು ಸಲಹೆಗಳು ಕಿವಿಗೆ ಬೀಳುವುದು ಸಹಜ. ಒಂದು: "ದೊಡ್ಡ ಎಂಜಿನ್ ಕೂರಿಸಿಬಿಡಿ, ಘಾಟಿಯಲ್ಲಿ ಪಿಕಪ್ ಸಿಗುತ್ತೆ." ಎರಡು: "ಹಳೆಯ ಬೀಡಿನ ಮ್ಯಾನಿಫೋಲ್ಡ್ ತೆಗೆದು ಪೈಪಿನ ಹೆಡರ್ ಹಾಕಿಸಿ, ಎಂಜಿನ್ ಸಲೀಸಾಗಿ ಉಸಿರಾಡುತ್ತೆ." ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಆ ಸತ್ಯ ಎಷ್ಟು ದೂರ ನಡೆಯುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಬ್ರೇಕು, ಬೆಂಕಿ, ವಿಷಾನಿಲ, ಕಾನೂನು ಇವೆಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಮಲೆನಾಡಿನ ಮನೆಗಳಲ್ಲಿ ಇನ್ನೂ ಉಳಿದಿರುವ ಅಂಬಾಸಡರ್ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ದೊಡ್ಡ ಎಂಜಿನ್ ಎಂದರೆ ಯಾವುದು ದೊಡ್ಡದು?

ಎಂಜಿನ್ನಿನ ಗಾತ್ರವನ್ನು ಸಿಸಿಯಲ್ಲಿ ಹೇಳುತ್ತೇವೆ. ಅದು ಎಂಜಿನ್ನಿನ ಹೊರ ಆಕಾರದ ಅಳತೆಯಲ್ಲ. ಪಿಸ್ಟನ್‌ಗಳು ಮೇಲಿನಿಂದ ಕೆಳಕ್ಕೆ ಒಂದು ಸಲ ಸರಿದಾಗ ಸಿಲಿಂಡರ್‌ಗಳಲ್ಲಿ ತೆರವಾಗುವ ಒಟ್ಟು ಜಾಗದ ಅಳತೆ. ಅಂಬಾಸಡರ್‌ನಲ್ಲಿ ಬಹುಕಾಲ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ರೂಪಿಸಿದ 'ಬಿ-ಸೀರೀಸ್' ಎಂಬ 1489 ಸಿಸಿಯ ಪೆಟ್ರೋಲ್ ಎಂಜಿನ್. ಅದರ ಸಿಲಿಂಡರ್‌ನ ಒಳವ್ಯಾಸ ಸುಮಾರು 73 ಮಿ.ಮೀ., ಪಿಸ್ಟನ್ ಓಡುವ ದೂರ 88.9 ಮಿ.ಮೀ. ಅಗಲಕ್ಕಿಂತ ಉದ್ದವೇ ಹೆಚ್ಚು. ಇಂಥ ಎಂಜಿನ್‌ಗಳು ನಿಧಾನಗತಿಯಲ್ಲಿ ಚೆನ್ನಾಗಿ ಎಳೆಯುತ್ತವೆ, ವೇಗವಾಗಿ ಸುತ್ತಿಸಿದರೆ ಬೇಗ ದಣಿಯುತ್ತವೆ. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಈ ಪಿಸ್ಟನ್ ಸರಾಸರಿ ಸೆಕೆಂಡಿಗೆ 14.8 ಮೀಟರ್ ವೇಗದಲ್ಲಿ ಮೇಲೆ ಕೆಳಗೆ ಓಡುತ್ತಿರುತ್ತದೆ.

ಗಾತ್ರ ಹೆಚ್ಚಿದಷ್ಟೂ ಪ್ರತಿ ಸಲ ಒಳಗೆ ಬರುವ ಗಾಳಿ ಹೆಚ್ಚು. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಎಳೆತ ಪಡೆಯಬಹುದು. ದೊಡ್ಡ ಎಂಜಿನ್ನಿನ ಲಾಭದ ಗುಟ್ಟು ಇಷ್ಟೇ.

ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸಿದಾಗ "ಸಿಸಿ ಜಾಸ್ತಿಯಾಯ್ತು" ಎಂದು ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ '40 ಸೈಜ್' ಪಿಸ್ಟನ್, ಅಂದರೆ ಒಳವ್ಯಾಸ ಇಂಚಿನ ಸಾವಿರದ 40 ಭಾಗದಷ್ಟು ಹಿಗ್ಗಿದರೆ, 1489 ಸಿಸಿ ಎಂಬುದು ಸುಮಾರು 1531 ಸಿಸಿ ಆಗುತ್ತದೆ. ಹೆಚ್ಚಳ ಶೇ. 3ಕ್ಕಿಂತ ಕಡಿಮೆ. ಬೋರಿಂಗ್ ನಂತರ ಕಾರು ಚುರುಕಾದರೆ ಅದಕ್ಕೆ ಮುಖ್ಯ ಕಾರಣ ಸೋರಿಹೋಗುತ್ತಿದ್ದ ಒತ್ತಡ ಮತ್ತೆ ನಿಂತದ್ದು, ಸಿಸಿ ಹೆಚ್ಚಿದ್ದಲ್ಲ.

ಕಂಪನಿಯೇ ಎಂಜಿನ್ ಬದಲಿಸಿದ ಕತೆ

ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸುವುದು ಗ್ಯಾರೇಜಿನವರಷ್ಟೇ ಮಾಡಿದ ಸಾಹಸವಲ್ಲ. ಅಂಬಾಸಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯೂ ಇದನ್ನು ಮಾಡಿದೆ. 1984ರಲ್ಲಿ ಬಂದ ಕಾಂಟೆಸಾ ಕಾರಿಗೆ ಮೊದಲು ಇದ್ದದ್ದು ಅಂಬಾಸಡರ್‌ನ ಅದೇ 1489 ಸಿಸಿ ಎಂಜಿನ್. ದೊಡ್ಡ ಮೈಯ ಆ ಕಾರಿಗೆ 50 ಅಶ್ವಶಕ್ತಿಯ ಆಸುಪಾಸಿನ ಆ ಎಂಜಿನ್ ಸಾಲಲಿಲ್ಲ. ಮುಂದೆ ಜಪಾನಿನ ಇಸುಜು ಸಂಸ್ಥೆಯ 1817 ಸಿಸಿ ಪೆಟ್ರೋಲ್ ಎಂಜಿನ್ ಬಂದಾಗ ಕಾಂಟೆಸಾದ ಗುಣವೇ ಬದಲಾಯಿತು. 1990ರ ದಶಕದ ಆರಂಭದಲ್ಲಿ ಅದೇ ಎಂಜಿನ್ 'ಅಂಬಾಸಡರ್ 1800 ಐಎಸ್‌ಝಡ್' ಎಂಬ ಹೆಸರಿನಲ್ಲಿ ಅಂಬಾಸಡರ್‌ಗೂ ಬಂತು.

ಈ ಎಂಜಿನ್ನಿನ ಅಳತೆ ಗಮನಿಸಿ: ಒಳವ್ಯಾಸ 84 ಮಿ.ಮೀ., ಓಟ 82 ಮಿ.ಮೀ. ಒಟ್ಟು ಗಾತ್ರ ಹೆಚ್ಚಿದ್ದು ಶೇ. 22ರಷ್ಟು. ಆದರೆ ಪಿಸ್ಟನ್ ತಲೆಯ ವಿಸ್ತೀರ್ಣ ಶೇ. 32ರಷ್ಟು ಹೆಚ್ಚಿತು. ಅಗಲ ಹೆಚ್ಚಿದರೆ ದೊಡ್ಡ ವಾಲ್ವ್‌ಗಳಿಗೆ ಜಾಗ ಸಿಗುತ್ತದೆ. ಓಟ ಗಿಡ್ಡವಾದ್ದರಿಂದ ಅದೇ 5000 ಸುತ್ತಿನಲ್ಲಿ ಪಿಸ್ಟನ್ ವೇಗವೂ 13.7 ಮೀಟರ್‌ಗೆ ಇಳಿಯುತ್ತದೆ. ಜತೆಗೆ ಕಂಪನಿ ನಾಲ್ಕು ಗೇರಿನ ಹಳೆಯ ಪೆಟ್ಟಿಗೆಯನ್ನು ಹಾಗೆಯೇ ಬಿಡಲಿಲ್ಲ. ಐದು ಗೇರಿನ ಹೊಸ ಗೇರ್‌ಬಾಕ್ಸ್ ಕೊಟ್ಟಿತು. ಎಂಜಿನ್ ಬದಲಿಸುವುದೆಂದರೆ ಅದರ ಹಿಂದಿನ ಸರಪಳಿಯನ್ನೂ ಬದಲಿಸುವುದು ಎಂಬ ಪಾಠ ಇಲ್ಲಿದೆ.

ಗ್ಯಾರೇಜುಗಳಲ್ಲಿ ನಡೆದ ಬದಲಾವಣೆಗಳ ಉದ್ದೇಶ ಹೆಚ್ಚಾಗಿ ಬೇರೆಯೇ ಆಗಿತ್ತು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ದೇಶದೆಲ್ಲೆಡೆ ಟ್ಯಾಕ್ಸಿ ಅಂಬಾಸಡರ್‌ಗಳಿಗೆ, ವಿಲ್ಲೀಸ್ ಮಾದರಿಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಮೆಟಡೋರ್ ವ್ಯಾನಿನ ಎಂಜಿನ್, ಮಹೀಂದ್ರ ಜೀಪಿನ ಪ್ಯೂಜೋ ಎಂಜಿನ್ ಈ ಕೆಲಸಕ್ಕೆ ಹೆಸರಾಗಿದ್ದವು. ಅಲ್ಲಿ ಬೇಕಾಗಿದ್ದದ್ದು ವೇಗವಲ್ಲ, ಕಿಲೋಮೀಟರಿಗೆ ತಗಲುವ ಖರ್ಚಿನ ಇಳಿಕೆ.

ಎಂಜಿನ್ ಕೂತರೆ ಕೆಲಸ ಮುಗಿಯಿತೇ?

ಇಲ್ಲ. ಎಂಜಿನ್ನಿನ ಬಲ ಚಕ್ರ ತಲಪುವಷ್ಟರಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಉದಾಹರಣೆಗೆ ಎಂಜಿನ್ 100 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ, ಮೊದಲ ಗೇರು ಅದನ್ನು 3.5 ಪಟ್ಟು, ಹಿಂದಿನ ಡಿಫರೆನ್ಷಿಯಲ್ 4.5 ಪಟ್ಟು ಹೆಚ್ಚಿಸುತ್ತದೆ ಎಂದುಕೊಳ್ಳೋಣ. ಹಿಂದಿನ ಆಕ್ಸಲ್‌ಗೆ ಬರುವುದು 1,575 ನ್ಯೂಟನ್-ಮೀಟರ್. ಎಂಜಿನ್ನಿನದು 130 ಆದರೆ ಅದು 2,000 ದಾಟುತ್ತದೆ. ಮುಂದೆ ಹೆಚ್ಚಿದ್ದು 30, ಹಿಂದೆ ಹೆಚ್ಚಿದ್ದು ಸುಮಾರು 470! ಮೊದಲು ಜಾರುವುದು ಕ್ಲಚ್ ಪ್ಲೇಟು. ಆಮೇಲೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಗೇರಿನ ಹಲ್ಲು, ಆಕ್ಸಲ್ ಶಾಫ್ಟು.

ಎರಡನೆಯದು ಜೋಡಣೆಯ ನಿಖರತೆ. ಬೇರೆ ಕಂಪನಿಯ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಸೇರಿಸಲು ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಎಂಜಿನ್ನಿನ ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸಿನ ಶಾಫ್ಟು ಒಂದೇ ನೇರದಲ್ಲಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಬೇರಿಂಗು ಕೂಗತೊಡಗುತ್ತದೆ, ಕ್ಲಚ್ ಅದುರುತ್ತದೆ. ಲೇತಿನಲ್ಲಿ ಅಳೆದು ಮಾಡುವ ಕೆಲಸವಿದು, ಗ್ಯಾಸ್ ಕಟರ್ ಹಿಡಿದು ಅಂದಾಜಿನಲ್ಲಿ ಮಾಡುವಂಥದ್ದಲ್ಲ.

ಮೂರನೆಯದು ಫೌಂಡೇಶನ್, ಅಂದರೆ ಎಂಜಿನ್ ಕೂರುವ ರಬ್ಬರ್ ಆಸರೆಗಳು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದುರುವುದೂ ಹೆಚ್ಚು. ಅದಕ್ಕೆ ತಕ್ಕ ಆಸರೆ ಇಲ್ಲದೆ ಹಳೆಯ ತಗಡಿಗೆ ಕೋನ ಬೆಸೆದು ಕೂರಿಸಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಮಲೆನಾಡಿನ ಮಳೆಯಲ್ಲಿ ಐವತ್ತು ವರ್ಷ ನೆಂದ ತಗಡು ಒಳಗಿನಿಂದ ತುಕ್ಕು ಹಿಡಿದಿದ್ದರೆ ಇನ್ನೂ ಬೇಗ. ಮೂತಿಯ ಭಾರ ಹೆಚ್ಚಿದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ಮುಂದಿನ ಸಸ್ಪೆನ್ಷನ್ ಕೂರುತ್ತದೆ.

ನಾಲ್ಕನೆಯದು ಬಿಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಚಕ್ರಕ್ಕೆ ಸಿಗುತ್ತದೆ. ಉಳಿದದ್ದು ಸೈಲೆನ್ಸರ್ ಮೂಲಕವೂ ರೇಡಿಯೇಟರ್ ಮೂಲಕವೂ ಬಿಸಿಯಾಗಿ ಹೋಗಬೇಕು. ಇಂಧನ ಹೆಚ್ಚು ಉರಿದರೆ ಹಳೆಯ ರೇಡಿಯೇಟರ್ ಹೊರಬೇಕಾದ ಬಿಸಿಯೂ ಹೆಚ್ಚು. ಶಿವಮೊಗ್ಗ–ಭದ್ರಾವತಿ ನಡುವಿನ ಸಮತಟ್ಟಾದ ಹಾದಿಯಲ್ಲಿ ಇದು ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಗಾಳಿ ಕಡಿಮೆ, ಶ್ರಮ ಹೆಚ್ಚು. ಆಗ ಮುಳ್ಳು ಕೆಂಪಿನ ಕಡೆ ಹೋಗುತ್ತದೆ.

ಬ್ರೇಕಿನ ಲೆಕ್ಕವನ್ನು ಯಾಕೆ ಮರೆಯಬಾರದು?

ಓಡುವ ವಾಹನದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಜನರೂ ಸೇರಿ 1,400 ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 194 ಕಿಲೋಜೂಲ್. 90 ಕಿ.ಮೀ. ವೇಗದಲ್ಲಿ ಅದು 437 ಕಿಲೋಜೂಲ್. ವೇಗ ಒಂದೂವರೆ ಪಟ್ಟು, ಬ್ರೇಕು ನುಂಗಬೇಕಾದ ಬಿಸಿ ಎರಡೂಕಾಲು ಪಟ್ಟು.

ಘಾಟಿ ಇಳಿಯುವುದು ಇನ್ನೂ ದೊಡ್ಡ ಲೆಕ್ಕ. ಅದೇ ಕಾರು 500 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 6,900 ಕಿಲೋಜೂಲ್. 60 ಕಿ.ಮೀ. ವೇಗದಿಂದ 35 ಸಲ ನಿಲ್ಲಿಸಿದಷ್ಟು! ಇದರಲ್ಲಿ ಸಾಕಷ್ಟನ್ನು ಎಂಜಿನ್ ಬ್ರೇಕಿಂಗ್, ಅಂದರೆ ಕೆಳಗಿನ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆಯುವ ಗುಣ, ಹೊತ್ತುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿ ಮುಚ್ಚುವುದರಿಂದ ಈ ತಡೆ ಬಲವಾಗಿರುತ್ತದೆ. ಹಳೆಯ ಮಾದರಿಯ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿಗೆ ಅಂಥ ಮುಚ್ಚಳ ಇರುವುದಿಲ್ಲ. ಹಾಗಾಗಿ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಆಗುಂಬೆಯ ತಿರುವುಗಳನ್ನು ಇಳಿಯುವಾಗ ಹಳೆಯ ಡ್ರಮ್ ಬ್ರೇಕುಗಳ ಮೇಲೆ ಹೊರೆ ಹೆಚ್ಚುತ್ತದೆ. ಡ್ರಮ್ ಬಿಸಿಯಾಗಿ ಹಿಗ್ಗಿದರೆ ಪೆಡಲು ಕೆಳಕ್ಕೆ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಏರುವಾಗ ಸಿಕ್ಕ ಪಿಕಪ್ಪಿನ ಬಿಲ್ಲು ಬರುವುದು ಇಳಿಯುವಾಗ.

ಹೆಡರ್ ಎಂದರೇನು?

ಎಂಜಿನ್ನಿನಿಂದ ಹೊರಬರುವ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ದಾಟಿಸುವ ಭಾಗವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹಳೆಯ ಕಾರುಗಳಲ್ಲಿ ಅದು ಬೀಡು ಕಬ್ಬಿಣದ ಎರಕ. ಭದ್ರಾವತಿಯವರಿಗೆ ಬೀಡಿನ ಪರಿಚಯ ಹೊಸದಲ್ಲ. 1918ರಲ್ಲಿ ನೆಲೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಕಾಡಿನ ಇದ್ದಿಲು ಬಳಸಿ ಬೀಡು ತೆಗೆಯತೊಡಗಿತು. ಮುಂದೆ ವಾಹನಗಳ ಬಿಡಿಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕಿಗೂ ಅದು ಹೆಸರಾಯಿತು. ಇಂದೂ ಶಿವಮೊಗ್ಗ ಮತ್ತು ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ವಾಹನಗಳಿಗೆ ಎರಕದ ಭಾಗಗಳು ತಯಾರಾಗುತ್ತವೆ.

ಬೀಡಿನಲ್ಲಿ ಶೇ. 3ರಿಂದ 4ರಷ್ಟು ಇಂಗಾಲವಿದ್ದು, ಅದರ ಬಹುಪಾಲು ಗ್ರ್ಯಾಫೈಟ್ ಪದರಗಳಾಗಿ ಹರಡಿರುತ್ತದೆ. ಈ ಪದರಗಳು ಅದುರುವಿಕೆಯನ್ನೂ ಸದ್ದನ್ನೂ ಹೀರುತ್ತವೆ. ಎರಕ ದಪ್ಪವಿರುವುದರಿಂದ ಬಿಸಿಯನ್ನು ತಾಳಿಕೊಂಡು ದಶಕಗಟ್ಟಲೆ ಬಾಳುತ್ತದೆ. ದೋಷವೆಂದರೆ ಭಾರ, ಮತ್ತು ಒಳದಾರಿಗಳು ಗಿಡ್ಡವಾಗಿ, ಒರಟಾಗಿ, ಒಂದಕ್ಕೊಂದು ಡಿಕ್ಕಿಯಾಗುವಂತೆ ಸೇರುವುದು. ಹೆಡರ್ ಎಂದರೆ ಇದರ ಬದಲಿಗೆ ಪ್ರತಿ ರಂಧ್ರಕ್ಕೂ ಬೇರೆ ಬೇರೆ ಉಕ್ಕಿನ ಕೊಳವೆ ಕೊಟ್ಟು, ಸಾಕಷ್ಟು ದೂರ ಹೋದಮೇಲೆ ಸೇರಿಸುವ ಜೋಡಣೆ.

ಇದರಿಂದ ಲಾಭ ಹೇಗೆ? ಹೊಗೆ ಕೊಳವೆಯಲ್ಲಿ ನದಿಯಂತೆ ಒಂದೇ ಸಮನೆ ಹರಿಯುವುದಿಲ್ಲ. ವಾಲ್ವ್ ತೆರೆದಾಗಲೆಲ್ಲ ಒಂದೊಂದು ಹೊಡೆತವಾಗಿ ಹೊರಬೀಳುತ್ತದೆ. ಆ ಒತ್ತಡದ ಅಲೆ ಕೊಳವೆಯ ತುದಿ ಅಥವಾ ಅಗಲವಾದ ಜಾಗ ಮುಟ್ಟಿದ ಕೂಡಲೇ ಎಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಅದು ವಾಲ್ವ್ ಇನ್ನೂ ತೆರೆದಿರುವಾಗಲೇ ವಾಪಸು ಬಂದರೆ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ.

ಸಮಯದ ಹೊಂದಾಣಿಕೆಯೇ ಇಲ್ಲಿ ಎಲ್ಲ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಹತ್ತಿರಹತ್ತಿರ 540 ಮೀಟರ್. 80 ಸೆಂ.ಮೀ. ಕೊಳವೆಯಲ್ಲಿ ಹೋಗಿಬರಲು ಸುಮಾರು 3 ಮಿಲಿಸೆಕೆಂಡು. ಎಂಜಿನ್ 3000 ಸುತ್ತಿನಲ್ಲಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ 53 ಡಿಗ್ರಿ ತಿರುಗಿರುತ್ತದೆ, 6000 ಸುತ್ತಿನಲ್ಲಿ 106 ಡಿಗ್ರಿ. ಅಂದರೆ ಒಂದು ಉದ್ದದ ಕೊಳವೆ ಒಂದು ವೇಗದ ಆಸುಪಾಸಿನಲ್ಲಿ ನೆರವಾಗುತ್ತದೆ, ಬೇರೆ ವೇಗದಲ್ಲಿ ಅದೇ ಅಲೆ ಅಡ್ಡ ಬರಬಹುದು. ರೇಸಿನ ಕಾರಿಗೆ ಸರಿಹೊಂದುವ ಹೆಡರ್ ಊರೊಳಗೆ ಓಡುವ ಕಾರಿಗೆ ಸರಿಹೊಂದಬೇಕೆಂದಿಲ್ಲ.

ಅಂಬಾಸಡರ್‌ನಲ್ಲಿ ನಾಲ್ಕು ಸಿಲಿಂಡರ್, ಮೂರೇ ರಂಧ್ರ

ಹೆಡರ್ ಮಾರುವವರು "ನಾಲ್ಕಕ್ಕೆ ನಾಲ್ಕು ಪೈಪು" ಎಂದರೆ 1489 ಸಿಸಿ ಅಂಬಾಸಡರ್ ಮಾಲೀಕರು ಬಾನೆಟ್ ಎತ್ತಿ ನೋಡಬೇಕು. ಬಿ-ಸೀರೀಸ್ ಎಂಜಿನ್ನಿನ ಹೆಡ್ಡಿನಲ್ಲಿ ಹೊಗೆ ಹೊರಬರುವ ರಂಧ್ರಗಳು ಮೂರೇ. ಒಂದು ಮತ್ತು ನಾಲ್ಕನೇ ಸಿಲಿಂಡರ್‌ಗೆ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. ಗಾಳಿ ಒಳಬರಲು ಇರುವುದು ಎರಡೇ. ಇವೆಲ್ಲ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ.

ಹಾಗಾಗಿ ಇಲ್ಲಿ ನಾಲ್ಕು ಕೊಳವೆಯ ಹೆಡರ್ ಸಾಧ್ಯವೇ ಇಲ್ಲ, ಮೂರು ಕೊಳವೆಯದ್ದು ಮಾತ್ರ ಸಾಧ್ಯ. ಆದರೆ ಇದು ಅಷ್ಟೇನೂ ಕೆಟ್ಟ ಸುದ್ದಿಯಲ್ಲ. ಈ ಎಂಜಿನ್ ಉರಿಯುವ ಕ್ರಮ 1-3-4-2. ನಡುವಿನ ಎರಡು ಮತ್ತು ಮೂರನೇ ಸಿಲಿಂಡರ್‌ಗಳ ಹೊಡೆತಗಳ ನಡುವೆ ಒಂದು ಪೂರ್ತಿ ಸುತ್ತಿನ ಅಂತರವಿರುತ್ತದೆ. ಒಂದು ಮತ್ತು ನಾಲ್ಕರ ನಡುವೆಯೂ ಅಷ್ಟೇ. ನಡುವಿನ ಜೋಡಿ ಹೆಡ್ಡಿನಲ್ಲೇ ಸೇರಿದೆ. ಹೊರಗಿನ ಜೋಡಿಯನ್ನು ಮೊದಲು ಒಂದಕ್ಕೊಂದು ಸೇರಿಸಿ, ನಡುವಿನ ಕೊಳವೆಯನ್ನು ಉದ್ದವಾಗಿ ಬೇರೆಯೇ ತಂದು ಕೊನೆಯಲ್ಲಿ ಕೂಡಿಸಿದರೆ ಹೊಡೆತಗಳು ಒಂದರ ಮೇಲೊಂದು ಬೀಳುವುದಿಲ್ಲ. ಇದೇ ವಂಶದ 1798 ಸಿಸಿ ಎಂಜಿನ್ ಇದ್ದ ಬ್ರಿಟನ್ನಿನ ಎಂಜಿಬಿ ಕಾರಿನ ಮಾಲೀಕರೂ ಮೂರು ಕೊಳವೆಯ ಹೆಡರನ್ನೇ ಹಾಕಿಸಿಕೊಳ್ಳುತ್ತಾರೆ.

ಒಂದೇ ಪಕ್ಕದಲ್ಲಿರುವುದರಿಂದ ಇನ್ನೆರಡು ಸೂಕ್ಷ್ಮಗಳಿವೆ. ಗಾಳಿಯ ಮ್ಯಾನಿಫೋಲ್ಡನ್ನೂ ಹೊಗೆಯ ಮ್ಯಾನಿಫೋಲ್ಡನ್ನೂ ಅದೇ ಬೋಲ್ಟುಗಳ ವಾಷರ್‌ಗಳು ಒಟ್ಟಿಗೆ ಒತ್ತಿ ಹಿಡಿಯುತ್ತವೆ. ಹೊಸ ಹೆಡರಿನ ಪಟ್ಟಿಯ ದಪ್ಪ ಹಳೆಯದಕ್ಕೆ ಸಮವಾಗಿಲ್ಲದಿದ್ದರೆ ಎರಡರಲ್ಲೊಂದು ಸೋರುತ್ತದೆ. ಇನ್ನೊಂದು, ಬೀಡಿನ ಮ್ಯಾನಿಫೋಲ್ಡಿನ ಬಿಸಿ ಪಕ್ಕದ ಗಾಳಿಯ ದಾರಿಯನ್ನು ಬೆಚ್ಚಗಿಟ್ಟು ಪೆಟ್ರೋಲ್ ಆವಿಯಾಗಲು ನೆರವಾಗುತ್ತಿತ್ತು. ಹೆಡರ್ ಬಂದಮೇಲೆ ಆ ಬಿಸಿ ತಪ್ಪುತ್ತದೆ. ಆಷಾಢದ ಚಳಿಯ ಬೆಳಗ್ಗೆ ಎಂಜಿನ್ ಹಿಡಿದುಕೊಳ್ಳಲು ತಡವಾದರೆ ಕಾರಣ ಇದೂ ಇರಬಹುದು.

ಕೆಲವು ನಂಬಿಕೆಗಳು

*ನಂಬಿಕೆ: ಹೆಡರ್ ಹಾಕಿಸಿದರೆ ಶಕ್ತಿ ಬಹಳ ಹೆಚ್ಚುತ್ತದೆ.*
ವಾಸ್ತವ: ಮೂಲ ಸ್ಥಿತಿಯ ಹಳೆಯ ಎಂಜಿನ್ನಿನಲ್ಲಿ ಸಿಗುವುದು ಅಲ್ಪ ಲಾಭ. ಕೆರೆಯ ತೂಬು ಕಿರಿದಾಗಿರುವಾಗ ಕಾಲುವೆಯ ಕೊನೆಯನ್ನಷ್ಟೇ ಅಗಲ ಮಾಡಿದರೆ ಗದ್ದೆಗೆ ಹೆಚ್ಚು ನೀರು ಬರುವುದಿಲ್ಲ. ಕಾರ್ಬ್ಯುರೇಟರ್, ವಾಲ್ವ್, ಗಾಳಿಯ ಫಿಲ್ಟರ್, ಸೈಲೆನ್ಸರ್ ಎಲ್ಲವೂ ಹಳೆಯ ಗಾತ್ರದಲ್ಲೇ ಇದ್ದರೆ ಹೆಡರ್ ಒಂದೇ ಪವಾಡ ಮಾಡದು.

*ನಂಬಿಕೆ: ಎಂಜಿನ್ನಿಗೆ ಸ್ವಲ್ಪ 'ಬ್ಯಾಕ್ ಪ್ರೆಷರ್' ಬೇಕೇ ಬೇಕು.*
ವಾಸ್ತವ: ಹೊಗೆಯನ್ನು ಹಿಂದಕ್ಕೆ ತಳ್ಳುವ ಒತ್ತಡ ಇಂಥ ಎಂಜಿನ್ನಿನ ಎಳೆತಕ್ಕೆ ಒಳ್ಳೆಯದನ್ನು ಮಾಡುವುದಿಲ್ಲ. ತೀರಾ ಅಗಲದ ಪೈಪು ಹಾಕಿಸಿದಾಗ ಪಿಕಪ್ ಕಡಿಮೆಯಾಗುವುದು ನಿಜ. ಆದರೆ ಕಾರಣ ಬೇರೆ. ಅಗಲ ಪೈಪಿನಲ್ಲಿ ಹೊಗೆಯ ವೇಗ ಕುಗ್ಗಿ, ಎಳೆಯುವ ಅಲೆ ದುರ್ಬಲವಾಗುತ್ತದೆ. ಬೇಕಾದದ್ದು ತಡೆಯಲ್ಲ, ಸರಿಯಾದ ಅಳತೆ.

*ನಂಬಿಕೆ: ಸದ್ದು ಜೋರಾದರೆ ಶಕ್ತಿ ಹೆಚ್ಚಿದೆ ಎಂದರ್ಥ.*
ವಾಸ್ತವ: ತೆಳು ಉಕ್ಕಿನ ಕೊಳವೆ ಬೀಡಿನಂತೆ ಸದ್ದು ಹೀರುವುದಿಲ್ಲ. ಅಷ್ಟರಿಂದಲೇ ಸದ್ದು ಹೆಚ್ಚುತ್ತದೆ. ವಸತಿ ಪ್ರದೇಶಕ್ಕೆ ನಿಗದಿಯಾದ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 45. ಕಿವಿಗೆ ಚುರುಕೆನಿಸುವುದು ಗಡಿಯಾರದಲ್ಲಿ ಅಳೆದಾಗ ಹಾಗಿರಬೇಕೆಂದಿಲ್ಲ.

*ನಂಬಿಕೆ: ಹಾಕಿಸಿದರೆ ಸಾಕು, ಬೇರೇನೂ ಮುಟ್ಟಬೇಕಿಲ್ಲ.*
ವಾಸ್ತವ: ಗಾಳಿಯ ಹರಿವು ಬದಲಾದರೆ ಕಾರ್ಬ್ಯುರೇಟರಿನ ಜೆಟ್ಟನ್ನೂ ಹೊಂದಿಸಬೇಕು. ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಆದರೆ ಉರಿ ಬಿಸಿಯೇರಿ ಎಕ್ಸಾಸ್ಟ್ ವಾಲ್ವ್ ಸುಡಬಹುದು.

ಬಿಸಿ, ತುಕ್ಕು, ಬೆಂಕಿ

ಉಕ್ಕು ಕಾದರೆ ಹಿಗ್ಗುತ್ತದೆ. 80 ಸೆಂ.ಮೀ. ಸಾದಾ ಉಕ್ಕಿನ ಕೊಳವೆ 500 ಡಿಗ್ರಿ ಬಿಸಿಯೇರಿದರೆ ಸುಮಾರು 5 ಮಿ.ಮೀ. ಉದ್ದವಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಆದರೆ ಸುಮಾರು 7 ಮಿ.ಮೀ. ಎರಡೂ ತುದಿ ಬಿಗಿಯಾಗಿದ್ದರೆ ಈ ಎಳೆದಾಟವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಕಾಯುವುದು, ಆರುವುದು ನೂರಾರು ಸಲ ನಡೆದಾಗ ಅಲ್ಲೇ ಬಿರುಕು. ಸಾದಾ ಉಕ್ಕಿಗೆ ನಮ್ಮ ಮಳೆಗಾಲ ಇನ್ನೊಂದು ಶತ್ರು. ಬಿಸಿ ತಡೆಯಲೆಂದು ಸುತ್ತುವ ಪಟ್ಟಿ ತೇವ ಹಿಡಿದಿಟ್ಟುಕೊಂಡು ಒಳಗೊಳಗೇ ತುಕ್ಕು ಹಿಡಿಸುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಹೆಡರ್ ಹಳೆಯ ಮ್ಯಾನಿಫೋಲ್ಡ್ ಇಲ್ಲದ ಜಾಗಗಳಲ್ಲೂ ಹಾಯುತ್ತದೆ. ಪೆಟ್ರೋಲಿನ ರಬ್ಬರ್ ನಳಿಗೆ, ಬ್ರೇಕ್ ಪೈಪು, ಸೆಲ್ಫ್ ಮೋಟರಿನ ತಂತಿ ಅದರ ಹತ್ತಿರವಿದ್ದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ನಡುವೆ ಲೋಹದ ತಡೆ ಹಾಕುವುದು, ನಳಿಗೆಗಳ ದಾರಿ ಬದಲಿಸುವುದು, ಕಾರಿನಲ್ಲಿ ಸಣ್ಣ ಅಗ್ನಿಶಾಮಕ ಇಡುವುದು ಇವು ಕೆಲಸದ ಭಾಗವೇ ಹೊರತು ಶೋಕಿಯಲ್ಲ.

ಕಾಣದ ಅಪಾಯ: ಕಾರ್ಬನ್ ಮೊನಾಕ್ಸೈಡ್

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದನ್ನು ಬಹುಪಾಲು ಇಲ್ಲವಾಗಿಸುತ್ತದೆ. ಹಳೆಯ ಅಂಬಾಸಡರ್‌ನಲ್ಲಿ ಅದು ಇಲ್ಲ.

ಹೆಡರಿನ ಗ್ಯಾಸ್ಕೆಟ್ ಸೋರಿದರೆ ಅಥವಾ ಬೆಸುಗೆ ಬಿರಿದರೆ ಹೊಗೆ ಬಾನೆಟ್ಟಿನೊಳಗೇ ಹೊರಬೀಳುತ್ತದೆ. ಎಂಜಿನ್ ಬದಲಿಸುವಾಗ ಡ್ಯಾಶ್‌ಬೋರ್ಡಿನ ಹಿಂದಿನ ತಗಡಿನಲ್ಲಿ ಹೊಸ ತೂತು ಕೊರೆದು, ಹಳೆಯದನ್ನು ಮುಚ್ಚದೆ ಬಿಟ್ಟಿದ್ದರೆ ಅಲ್ಲಿಂದ ಕಾರಿನೊಳಕ್ಕೆ ಬರುತ್ತದೆ. ಮಳೆಗೆ ಗಾಜು ಏರಿಸಿಕೊಂಡಿದ್ದರೆ ಕೇಳುವುದೇ ಬೇಡ. ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ಸುಸ್ತು, ತೂಕಡಿಕೆ. ಘಾಟಿಯ ತಿರುವುಗಳಲ್ಲಿ ಹೀಗಾದರೆ "ಪ್ರಯಾಣ ಆಗಿಬರಲಿಲ್ಲ" ಎಂದು ನಿಂಬೆಹಣ್ಣು ಮೂಸಿ ಸುಮ್ಮನಾಗುತ್ತೇವೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು ಬಂದರೆ, ಕೆಳಗಿಳಿದು ಹೊರಗಿನ ಗಾಳಿಯಲ್ಲಿ ನಿಂತಾಗ ಕಡಿಮೆಯಾದರೆ ಹೊಗೆಯನ್ನು ಅನುಮಾನಿಸಬೇಕು.

ಆಗ ಎಂಜಿನ್ ಆಫ್ ಮಾಡಿ ಎಲ್ಲರನ್ನೂ ಹೊರಗೆ ಕರೆತನ್ನಿ. ಯಾರಿಗಾದರೂ ಮಂಪರು, ಗೊಂದಲ, ಎದೆನೋವು ಇದ್ದರೆ 108ಕ್ಕೆ ಕರೆ ಮಾಡಿ. ಮನೆಯಲ್ಲಿರುವ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನನ್ನು ಅದು ಆಮ್ಲಜನಕ ಇದ್ದಂತೆಯೇ ಓದಿ, ಎಲ್ಲ ಸರಿಯಿದೆ ಎಂಬಂತೆ ಅಂಕಿ ತೋರಿಸಬಹುದು. ಇನ್ನೊಂದು ಮಾತು: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಟ್ಯೂನಿಂಗ್ ಮಾಡಬೇಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿಯ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಮಾಲೀಕರು ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಸಿಸಿ ಆರ್‌ಸಿಯಲ್ಲಿ ದಾಖಲಾಗುವ ವಿವರ. ಹಾಗಾಗಿ 1489 ಸಿಸಿ ಕಾರಿಗೆ ಬೇರೆ ಗಾತ್ರದ ಎಂಜಿನ್ ಕೂರಿಸುವುದು ಈ ನಿಷೇಧದೊಳಗೆ ಬರುತ್ತದೆ. ಸವೆದ ಎಂಜಿನ್ನಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕಿಸುವುದಾದರೆ ಆರ್‌ಟಿಓ ಒಪ್ಪಿಗೆ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅನುಮೋದಿತ ಕಿಟ್ ಮೂಲಕ ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಗಲು ಕಾಯ್ದೆಯಲ್ಲೇ ದಾರಿಯಿದೆ.

ನಿಯಮ ಮೀರಿದರೆ 182-ಎ ವಿಧಿಯಡಿ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದ್ದಕ್ಕೆ 190ನೇ ವಿಧಿಯಡಿ 10,000 ರೂ.ವರೆಗೆ ದಂಡ ಬೀಳಬಹುದು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ತಪಾಸಣೆಯಲ್ಲಿ ಎಂಜಿನ್ ಸಂಖ್ಯೆ ತಾಳೆಯಾಗದಿದ್ದರೆ ಕೆಎ-14ರ ಕಾರು ಅಲ್ಲೇ ನಿಂತಂತೆ. ಅಪಘಾತವಾದರೆ ವಿಮಾ ಕಂಪನಿ ಇದೇ ಕಾರಣ ಹಿಡಿದು ತಕರಾರು ತೆಗೆಯಬಹುದು.

ಇನ್ನೊಂದು ನಷ್ಟವೂ ಇದೆ. 2021ರ ಜುಲೈನಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಅಜ್ಜನ ಕಾಲದ ಕಾರಿಗೆ ಗುಜರಿಯಿಂದ ತಂದ ಎಂಜಿನ್ ಕೂರಿಸಿದ ದಿನ ಈ ಬಾಗಿಲು ಮುಚ್ಚುತ್ತದೆ.

ಹಾಗಾದರೆ ಮಾಡಬಹುದಾದದ್ದೇನು?

- ಮೊದಲು ಈಗಿರುವ ಎಂಜಿನ್ನಿನ ಕಂಪ್ರೆಷನ್ ಅಳೆಸಿ. "ಪಿಕಪ್ ಇಲ್ಲ" ಎಂಬ ದೂರಿಗೆ ಸವೆದ ರಿಂಗು, ಸೋರುವ ವಾಲ್ವ್, ತಪ್ಪಿದ ಇಗ್ನಿಷನ್ ಟೈಮಿಂಗ್ ಕಾರಣವಾಗಿರುವುದೇ ಹೆಚ್ಚು.
- ಕಾರ್ಬ್ಯುರೇಟರ್ ಸ್ವಚ್ಛ ಮಾಡಿಸಿ, ರೇಡಿಯೇಟರ್ ತೊಳೆಸಿ, ಬ್ರೇಕ್ ಲೈನರ್ ಬದಲಿಸಿ. ಘಾಟಿಯಲ್ಲಿ ವ್ಯತ್ಯಾಸ ಕಾಣುತ್ತದೆ, ಆರ್‌ಸಿ ಮುಟ್ಟಬೇಕಿಲ್ಲ.
- ದೊಡ್ಡ ಎಂಜಿನ್ನಿನ ಅಂಬಾಸಡರೇ ಬೇಕಿದ್ದರೆ ಕಂಪನಿಯಿಂದಲೇ 1817 ಸಿಸಿ ಎಂದು ನೋಂದಣಿಯಾದ ಕಾರನ್ನು ಹುಡುಕಿ. ಬದಲಾದ ಹಳೆಯ ಕಾರು ಕೊಳ್ಳುವಾಗ ಎಂಜಿನ್ ಸಂಖ್ಯೆ, ಇಂಧನ, ಸಿಸಿ ಮೂರನ್ನೂ ಆರ್‌ಸಿ ಜತೆ ತಾಳೆ ನೋಡಿ.
- ಮೂಲ ಮ್ಯಾನಿಫೋಲ್ಡ್ ಬಿರಿದಿದ್ದರೆ ಅದೇ ನಮೂನೆಯ ಎರಕದ ಭಾಗ ಹುಡುಕುವುದು ಮೊದಲ ಆಯ್ಕೆಯಾಗಲಿ. ಹೆಡರ್ ಯೋಚನೆ ಇದ್ದರೆ ಮೊದಲು ಆರ್‌ಟಿಓದಲ್ಲಿ ಕೇಳಿ. ಪಟ್ಟಿಯ ದಪ್ಪ, ನಳಿಗೆಗಳ ಅಂತರ, ಸೈಲೆನ್ಸರ್ ಇವುಗಳಲ್ಲಿ ರಾಜಿ ಬೇಡ. ಸೈಲೆನ್ಸರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.
- ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕಬೇಡಿ. 2014ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತಿದೆ. ನಾಳೆ ಅದೇ ಭಾಗಕ್ಕೆ ನೀವೇ ಹುಡುಕಾಡಬೇಕಾದೀತು.